ಕೊಳದ ಬಾಗಿಲಲ್ಲಿ ಕಾಗದದ ಬಳೆ

ಫ್ಲಾರಿಡಾದ ಜೂನ್ ಮಧ್ಯಾಹ್ನಕ್ಕೂ ನಮ್ಮ ತೀರ್ಥಹಳ್ಳಿ ಕಡೆಯ ಮಳೆಗಾಲದ ಮುಂಚಿನ ದಿನಗಳಿಗೂ ಏನೋ ನಂಟು. ಗಾಳಿ ನಿಂತುಬಿಡುತ್ತದೆ. ಸೆಖೆ ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟುತ್ತದೆ. ಎರಡೂವರೆಯ ಹೊತ್ತಿಗೆ ಬಿಳಿ ಮೋಡಗಳ ಹೊಟ್ಟೆ ಕಪ್ಪಾಗತೊಡಗುತ್ತದೆ, ಎಲ್ಲೋ ದೂರದಲ್ಲಿ ಗುಡುಗು ಗಂಟಲು ಸರಿಮಾಡಿಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ನೀರು ಕಂಡರೆ ಎಪ್ಪತ್ತರ ನನಗೇ ಇಳಿಯೋಣ ಅನ್ನಿಸುತ್ತದೆ, ಇನ್ನು ಒಂಬತ್ತರ ಮೊಮ್ಮಗಳನ್ನು ಹಿಡಿಯುವವರು ಯಾರು.

ಮಗ ವರ್ಷವಿಡೀ ಕೂಡಿಟ್ಟ ದುಡ್ಡಿನಲ್ಲಿ ಎರಡು ರಾತ್ರಿಗೆ ಡಿಸ್ನಿ ವರ್ಲ್ಡಿನ ಬೀಚ್ ಕ್ಲಬ್ಬಿನಲ್ಲಿ ರೂಮು ಮಾಡಿದ್ದ. ಈ ಬೀಚ್ ಕ್ಲಬ್ಬೂ ಪಕ್ಕದ ಯಾಟ್ ಕ್ಲಬ್ಬೂ ಜೋಡಿ ಹೋಟೆಲುಗಳು. ರಾಬರ್ಟ್ ಸ್ಟರ್ನ್ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ ಇವು 1990ರ ನವೆಂಬರಿನಲ್ಲಿ ಬಾಗಿಲು ತೆರೆದವು. ಎರಡರ ನಡುವೆ ಒಂದು ಈಜುಕೊಳ, ಹೆಸರು ಸ್ಟಾರ್ಮಲಾಂಗ್ ಬೇ. ಕೊಳ ಅಂದರೆ ನನ್ನ ಕಣ್ಣಿಗೆ ಬರುವುದು ನಾಲ್ಕು ಮೂಲೆಯ ಕಲ್ಯಾಣಿ. ಇದಕ್ಕೆ ಮೂಲೆಯೇ ಇಲ್ಲ. ಸುಮಾರು ಮೂರು ಎಕರೆಯಲ್ಲಿ ಹೊಳೆಯ ಹಾಗೆ ಬಳಕುತ್ತ, ಒಂದು ಕಡೆ ಸುಳಿಯಾಗಿ, ಇನ್ನೊಂದು ಕಡೆ ಮಕ್ಕಳ ಮೊಣಕಾಲಿನಷ್ಟು ತೆಳುವಾಗಿ, ಸೇತುವೆಗಳ ಕೆಳಗೆ ನುಸುಳಿ ಹೋಗುತ್ತದೆ. 7,50,000 ಗ್ಯಾಲನ್ ನೀರು, ನಮ್ಮ ಲೆಕ್ಕದಲ್ಲಿ 28 ಲಕ್ಷ ಲೀಟರಿಗೂ ಹೆಚ್ಚು. ದಡದಲ್ಲಿ ಒಡೆದ ಹಡಗೊಂದರ ಅಸ್ಥಿಪಂಜರ, ಅದರ ಒಡಲಿನಿಂದ ಮಕ್ಕಳು ಜಾರುತ್ತ ಬಂದು ದೊಪ್ಪನೆ ನೀರಿಗೆ ಬೀಳುತ್ತಾರೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಅದರ ತಳ. ಹೆಂಚಲ್ಲ, ಸಿಮೆಂಟಲ್ಲ, ಮರಳು. ಕಾಲಿಟ್ಟ ಕೂಡಲೇ ತುಂಗೆಯ ನೆನಪಾಗಿ ಒಂದು ಗಳಿಗೆ ಸುಮ್ಮನೆ ನಿಂತೆ.

ಇಷ್ಟು ಚೆಂದದ ನೀರಿಗೆ ಕಳ್ಳಗಣ್ಣುಗಳೂ ಬೀಳುತ್ತವೆ. ಸುತ್ತ ಡಿಸ್ನಿಯದೇ ಹತ್ತಾರು ಹೋಟೆಲುಗಳಿವೆ, ಎಲ್ಲದಕ್ಕೂ ಅದರದರ ಕೊಳವಿದೆ. ನಿಯಮ ಒಂದೇ ಸಾಲಿನದು: ಯಾರು ಎಲ್ಲಿ ತಂಗಿದ್ದಾರೋ ಅಲ್ಲೇ ಈಜಬೇಕು. ಆದರೂ ಅಗ್ಗದ ರೂಮು ಹಿಡಿದು ಇಲ್ಲಿಗೆ ಈಜಲು ಬರುವವರಿದ್ದಾರೆ. ಇಲ್ಲಿಯವರ ಬಾಯಲ್ಲಿ ಅದು ‘ಪೂಲ್ ಹಾಪಿಂಗ್’. ಡಿಸ್ನಿ ವೆಕೇಶನ್ ಕ್ಲಬ್ಬಿಗೆ ಸಾವಿರಾರು ಡಾಲರ್ ಕಟ್ಟಿದ ಸದಸ್ಯರಿಗೆ ಕೆಲವು ಬೇರೆ ಕೊಳಗಳಲ್ಲಿ ಇಳಿಯುವ ಅನುಕೂಲ ಉಂಟು. ಅವರಿಗೂ ಈ ಕೊಳ ಮಾತ್ರ ಹೊರತು, ಇಲ್ಲೇ ತಂಗದಿದ್ದರೆ.

ಹಾಗಾಗಿ ಬಾಗಿಲಲ್ಲಿ ಬ್ಯಾಂಡು. ರೂಮಿನ ಕಾರ್ಡು ನೋಡಿ, ಹುಡುಗಿಯೊಬ್ಬಳು ಮೊಮ್ಮಗಳ ಮಣಿಕಟ್ಟಿಗೆ ಬಣ್ಣದ ಪಟ್ಟಿಯೊಂದನ್ನು ಸುತ್ತಿ ಅಂಟಿಸಿದಳು. ಅಂಟಿಸಿದ ಮೇಲೆ ಕತ್ತರಿಸದೆ ಬಿಚ್ಚಲಾಗದು. “ಅಜ್ಜೀ, ಕಾಗದದ ಬಳೆ!” ಅಂದಳು ಪುಟ್ಟಿ. ನನ್ನ ಕೈಗೂ ಒಂದು ಬಂತು, ನಲವತ್ತು ವರ್ಷದ ಚಿನ್ನದ ಬಳೆಯ ಪಕ್ಕದಲ್ಲಿ.

ಮೂರು ಗಂಟೆಗೆ ಗುಡುಗು ಹತ್ತಿರ ಬಂತು. ಲೈಫ್‌ಗಾರ್ಡುಗಳು ಸೀಟಿ ಊದಿದರು. ಎತ್ತರದ ಕುರ್ಚಿಗಳಿಂದ ಒಬ್ಬರಾದ ಮೇಲೊಬ್ಬರು ಎದ್ದು ನಿಂತು ಕೈ ಬೀಸಿದರು. ಮೂರೆಕರೆ ನೀರಿನಿಂದ ನೂರಾರು ಜನ ಒಟ್ಟಿಗೆ ಮೇಲೆದ್ದು ಬರುವ ನೋಟ ನೋಡಬೇಕು. ಮಕ್ಕಳ ಅಳು, ಒದ್ದೆ ಚಪ್ಪಲಿಗಳ ಚಪಚಪ, ಗಾಳಿಗೆ ಹಾರಿದ ಟವೆಲುಗಳ ಹಿಂದೆ ಓಡುವ ಅಪ್ಪಂದಿರು. ಮಳೆ ಬಂತು ಅಂದರೆ ಬಂತು, ಕೊಳದ ಮೇಲ್ಮೈ ಕುದಿಯುವ ಅನ್ನದ ಹಾಗೆ ಕಂಡಿತು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿದು, ಏನೂ ನಡೆದೇ ಇಲ್ಲವೆಂಬಂತೆ ಬಿಸಿಲು.

ಆಮೇಲೆ ಎಲ್ಲರೂ ಒಟ್ಟಿಗೆ ಬಾಗಿಲಿಗೆ ಬಂದರು. ಹೊರಗಿನವರು ಸೇರಿಕೊಳ್ಳುವುದಾದರೆ ಇದೇ ಸರಿಯಾದ ಹೊತ್ತು ಎಂದು ನನಗೆ ತೋರಿತು. ಒದ್ದೆಯಾದವರೆಲ್ಲ ಒಂದೇ ಥರ ಕಾಣುತ್ತಾರೆ. ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಒಳಗೆ ಸರಿಯಬಹುದು, ಮುಂದಿನವರು ಒಳ್ಳೆಯತನದಿಂದ ಗೇಟು ಹಿಡಿದುಕೊಳ್ಳುತ್ತಾರೆ. ಬಾಗಿಲಲ್ಲಿದ್ದವಳು ಇಪ್ಪತ್ತರ ಆಸುಪಾಸಿನ ಹುಡುಗಿ. ಅವಸರ ಮಾಡಲಿಲ್ಲ. ಒಂದೊಂದೇ ಕೈ ನೋಡಿದಳು. ನಮಗಿಂತ ಮುಂದೆ ಇಬ್ಬರು ಮಕ್ಕಳ ಜೊತೆ ಅಪ್ಪನೊಬ್ಬ ನಿಂತಿದ್ದ. ಮಕ್ಕಳ ಸೊಂಟದಲ್ಲಿ ಆಗಲೇ ಗಾಳಿ ತುಂಬಿದ ಬಾತುಕೋಳಿಗಳು. ಮೂವರ ಕೈಯೂ ಬರಿದು. ಬ್ಯಾಂಡು ರೂಮಿನಲ್ಲಿ ಬಿಟ್ಟುಬಂದೆ ಅಂದ. ಪರವಾಗಿಲ್ಲ, ಕಾರ್ಡು ತೋರಿಸಿದರೆ ಹೊಸದು ಕೊಡುತ್ತೇನೆ ಅಂದಳು. ಅವನು ಚೀಲ ತಡಕಿದ, ಫೋನು ತೆಗೆದ, ಇಟ್ಟ. ಅವಳು ದನಿ ಏರಿಸಲಿಲ್ಲ. ನೀವು ತಂಗಿರುವಲ್ಲಿ ಒಳ್ಳೆಯ ಕೊಳ ಇದೆ, ಈಗ ಹೋದರೆ ಇನ್ನೂ ಬಹಳ ಹೊತ್ತು ತೆರೆದಿರುತ್ತದೆ ಅಂದಳು. ಅವರು ತಿರುಗಿ ಹೋದರು. ಚಿಕ್ಕ ಮಗು ಹಡಗನ್ನು ನೋಡುತ್ತ, ಹಿಂದೆ ಹಿಂದೆ ನಡೆಯುತ್ತ ಹೋಯಿತು.

ನನ್ನ ಹೊಟ್ಟೆ ಕಿವಿಚಿತು. ಇಷ್ಟೊಂದು ನೀರಿನಲ್ಲಿ ಎರಡು ಮಕ್ಕಳು ಹೆಚ್ಚಾದರೆ ಏನಾಗುತ್ತಿತ್ತು ಎಂದು ಸೊಸೆಯನ್ನು ಕೇಳಿಯೇಬಿಟ್ಟೆ. ಅವಳು ನೀರು ಶುದ್ಧೀಕರಣದ ಕೆಲಸದಲ್ಲಿರುವವಳು. “ಅತ್ತೆ, ನೀರು ಕಾಣೋದು ಬೇರೆ, ನೀರಿನ ತಾಕತ್ತು ಬೇರೆ” ಎಂದು, ಟವೆಲು ಹಿಂಡುತ್ತ ವಿವರಿಸಿದಳು. ಫ್ಲಾರಿಡಾದ ನಿಯಮದಲ್ಲಿ ಸಾಮಾನ್ಯ ಈಜುಕೊಳಕ್ಕೆ ಜನರ ಲೆಕ್ಕ ಹಿಡಿಯುವುದು ಶೋಧಕದ ಮೂಲಕ ಹಾದು ಮರಳುವ ನೀರಿನಿಂದ. ನಿಮಿಷಕ್ಕೆ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ನೀರು ಹರಿದರೆ ಒಬ್ಬರಿಗೆ ಜಾಗ.  ಹೀಗೆ ಬಂದ ಸಂಖ್ಯೆಯೇ ಮಿತಿ. ಆ ಸಂಖ್ಯೆಯನ್ನು ಕೊಳದ ಬಳಿ ಫಲಕದಲ್ಲಿ ಬರೆದು ಹಾಕಬೇಕು. ನಾವು ಓದದೆ ದಾಟಿ ಹೋಗುವ ಫಲಕ ಅದು.

ಈಜುಕೊಳದ ಘಾಟು ಬಂದರೆ ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ ಎಂದು ನಾನು ಇಷ್ಟು ವರ್ಷ ಸಮಾಧಾನಪಡುತ್ತಿದ್ದೆ. ಅದು ತಪ್ಪಂತೆ. ಬೆವರು, ಉಚ್ಚೆ, ಮೈಯ ಕೊಳೆ ಕ್ಲೋರಿನ್ ಜೊತೆ ಸೇರಿ ಕ್ಲೋರಮೈನ್ ಆಗುತ್ತದೆ, ಕಣ್ಣುರಿಯೂ ಆ ಘಾಟೂ ಅದರದು. ಕೊಳೆ ತಿನ್ನುವುದರಲ್ಲೇ ಖರ್ಚಾದ ಕ್ಲೋರಿನ್ನಿಗೆ ರೋಗಾಣು ಕೊಲ್ಲುವ ಬಲ ಉಳಿಯುವುದಿಲ್ಲ. ಕ್ರಿಪ್ಟೋಸ್ಪೊರಿಡಿಯಂ ಎಂಬ ಭೇದಿ ತರಿಸುವ ಜೀವಿಯಂತೂ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ಏಳು ದಿನಕ್ಕಿಂತ ಹೆಚ್ಚು ಬದುಕುತ್ತದೆ. ಅದಕ್ಕಿಂತ ದೊಡ್ಡದು ಕಣ್ಣಿನ ಲೆಕ್ಕ. ಅಮೆರಿಕದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ನೀರಿನಲ್ಲಿ ಮುಳುಗುವುದು. ಕುರ್ಚಿಯ ಮೇಲೆ ಕುಳಿತ ಲೈಫ್‌ಗಾರ್ಡ್ ಇಂತಿಷ್ಟು ತಲೆಗಳ ಮೇಲೆ ಕಣ್ಣಿಟ್ಟಿರುತ್ತಾನೆ. ತಲೆಗಳು ಹೆಚ್ಚಿದಂತೆಲ್ಲ ಒಂದು ತಲೆ ಕಾಣೆಯಾದರೆ ತಿಳಿಯುವುದು ತಡವಾಗುತ್ತದೆ. ಇದನ್ನು ಕೇಳಿದ ಮೇಲೆ ಆ ಹುಡುಗಿಯ ಒಂದೊಂದು ‘ಇಲ್ಲ’ವೂ ನನ್ನ ಪುಟ್ಟಿಯ ಕಾವಲೆಂದು ಅನ್ನಿಸಿತು.

ಸಂಜೆವರೆಗೆ ಕುಳಿತು ನೋಡಿದೆ. ಕಾವಲು ಸಡಿಲವಾಗುವುದು ಸಣ್ಣ ಸಣ್ಣ ಕಡೆ. ತಾನಾಗಿ ಮುಚ್ಚಿಕೊಳ್ಳುವ ಗೇಟಿಗೆ ಯಾರಾದರೂ ಕುರ್ಚಿ ಒತ್ತಿಟ್ಟರೆ ಸಾಕು, ಬೇಲಿಯಿದ್ದೂ ಇಲ್ಲದ ಹಾಗೆ. ಬಾಗಿಲಿನವರು ಊಟಕ್ಕೆ ಹೋದ ಹತ್ತು ನಿಮಿಷ. ಕಾರ್ಡು ತಾಗಿಸಿದರೆ ತೆರೆಯುವ ಯಂತ್ರದ ಗೇಟು ಅನೇಕ ಹೋಟೆಲುಗಳಲ್ಲಿದೆ. ಆದರೆ ಯಂತ್ರ ಒಂದು ಕಾರ್ಡು ನೋಡುತ್ತದೆ, ಅದರ ಬೆನ್ನಿಗೆ ನುಸುಳಿದ ಐವರನ್ನು ನೋಡುವುದಿಲ್ಲ. ನನ್ನ ಕೈಗೆ ಕೊಟ್ಟರೆ ಹೀಗೆ ಮಾಡುತ್ತೇನೆ: ತೊಟ್ಟಿಲ ಕೂಸಿನಿಂದ ನನ್ನಂಥ ಮುದುಕಿವರೆಗೆ ತಲೆಗೊಂದು ಬ್ಯಾಂಡು, ದಿನಕ್ಕೊಂದು ಬಣ್ಣ. ಕೇಳುವುದೇನಿದ್ದರೂ ಗೇಟಿನಲ್ಲಿ, ನೀರಿಗಿಳಿದ ಮೇಲಲ್ಲ. ಬಾಗಿಲಲ್ಲಿ ಎಳೆಯ ಹುಡುಗಿಯನ್ನು ಒಬ್ಬಳೇ ನಿಲ್ಲಿಸಿ ಬೈಗುಳ ತಿನ್ನಿಸುವುದು ತಪ್ಪು, ಜೊತೆಗೆ ಇನ್ನೊಬ್ಬರು ಬೇಕೇ ಬೇಕು. ಜಾಗ ಮಿಕ್ಕಿದ್ದರೆ ಹೊರಗಿನವರಿಗೂ ದಿನದ ಚೀಟಿ ಮಾರಲಿ, ಫಲಕದ ಸಂಖ್ಯೆ ಮೀರದಂತೆ. ಮತ್ತು ಯಾರನ್ನೂ ಬಿಡದೆ ಎಲ್ಲರನ್ನೂ ಕೇಳಲಿ.

ಈ ಕೊನೆಯದನ್ನು ಒತ್ತಿ ಹೇಳಲು ಕಾರಣವಿದೆ. ಹಿಂದಿನ ಸಲ ಬಂದಾಗ ಬೇರೊಂದು ಊರಿನ, ಬೇರೊಂದು ಹೋಟೆಲಿನಲ್ಲಿ ತಂಗಿದ್ದೆವು. ಅಲ್ಲಿ ಬ್ಯಾಂಡೂ ಇರಲಿಲ್ಲ, ಬಾಗಿಲಲ್ಲಿ ಯಾರೂ ಇರಲಿಲ್ಲ. ಕೊಳದಲ್ಲಿ ಏಳೆಂಟು ಸಂಸಾರಗಳು. ಕೆಲಸದವನೊಬ್ಬ ದಡದುದ್ದಕ್ಕೂ ನಡೆದು ಬಂದು, ಎಲ್ಲರನ್ನೂ ದಾಟಿ, ನಮ್ಮ ಮುಂದೆ ನಿಂತು ರೂಮಿನ ಕಾರ್ಡು ಕೇಳಿದ. ಮಗ ನೀರಿನಿಂದ ಎದ್ದು, ಮೈಯಿಂದ ನೀರು ಸುರಿಯುತ್ತಿದ್ದ ಹಾಗೆಯೇ ನಡೆದು ಹೋಗಿ ಕಾರ್ಡು ತಂದು ತೋರಿಸಿದ. ಅವನು ಥ್ಯಾಂಕ್ಸ್ ಹೇಳಿ ಹೊರಟುಹೋದ, ಇನ್ನಾರನ್ನೂ ಕೇಳಲಿಲ್ಲ. ಮಗ ಮತ್ತೆ ನೀರಿಗಿಳಿಯಲಿಲ್ಲ. ಪುಟ್ಟಿ ಕರೆದಳು, ಸುಸ್ತಾಯಿತು ಕಂದ ಅಂದ. ಆ ಕಾರ್ಡು ಕೇಳಿದ್ದು ನಿಯಮವೇ ಇರಬಹುದು. ನಮ್ಮನ್ನಷ್ಟೇ ಕೇಳಿದ್ದು ನಿಯಮವಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಮಾನಕ್ಕಿಂತ ಹೆಚ್ಚಾಗಿ ನನ್ನ ತವರಿನ ಬಾವಿಕಟ್ಟೆ ಕಣ್ಣಮುಂದೆ ಬಂದದ್ದರಿಂದ. ನಮ್ಮ ಮನೆಯ ಬಾವಿಯ ಹಗ್ಗ ಯಾರು ಮುಟ್ಟಬಹುದು, ಯಾರು ದೂರ ನಿಂತು ಕೊಡಪಾನ ಒಡ್ಡಬೇಕು ಎಂಬುದು ನನಗೆ ಐದು ವರ್ಷಕ್ಕೇ ಗೊತ್ತಿತ್ತು. ಯಾರ ಕೈಗೂ ಪಟ್ಟಿ ಕಟ್ಟಿರಲಿಲ್ಲ. ನಮ್ಮ ಗದ್ದೆಯಲ್ಲಿ ದಿನವಿಡೀ ದುಡಿದವಳಿಗೆ ನಾನೇ, ಅಷ್ಟು ಚಿಕ್ಕವಳು, ಮೇಲಿನಿಂದ ನೀರು ಹೊಯ್ದಿದ್ದೇನೆ. 1927ರ ಮಾರ್ಚ್ 20ರಂದು ಅಂಬೇಡ್ಕರರು ಮಹಾಡಿನ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಕುಡಿದು ಎಷ್ಟೋ ವರ್ಷಗಳಾದ ಮೇಲಿನ ಮಾತು ಇದು. ಆ ಹೆಣ್ಣುಮಗಳ ಮುಖ ಈಗಲೂ ನೆನಪಿದೆ. ಕ್ಷಮೆ ಕೇಳಲು ಆಕೆ ಇಲ್ಲ.

ಈ ಸಲ, ಬೀಚ್ ಕ್ಲಬ್ಬಿನ ಎರಡನೆಯ ರಾತ್ರಿ ಕಳೆದ ಬೆಳಿಗ್ಗೆ, ನಾನೇ ಹಟ ಮಾಡಿ ಸೇಂಟ್ ಅಗಸ್ಟೀನಿಗೆ ಕರೆದುಕೊಂಡು ಹೋಗು ಅಂದೆ. ಎರಡು ಗಂಟೆಯ ದಾರಿ. 1565ರಲ್ಲಿ ಸ್ಪೇನಿನವರು ಕಟ್ಟಿದ ಊರು, ಕಲ್ಲು ಹಾಸಿದ ಸಣ್ಣ ಬೀದಿಗಳು, ಎದುರಿಗೆ ಮಟಾಂಜಸ್ ಕೊಲ್ಲಿಯ ಹಸಿರು ನೀರು. ಕೊಲ್ಲಿಗೆ ಮುಖಮಾಡಿ ಇಲ್ಲಿ ಮಾನ್ಸನ್ ಮೋಟಾರ್ ಲಾಡ್ಜ್ ಎಂಬ ಮೋಟೆಲು ಇತ್ತು. 1964ರ ಜೂನ್ 11ರಂದು ಮಾರ್ಟಿನ್ ಲೂಥರ್ ಕಿಂಗ್ ಅದರ ಬಾಗಿಲಿಗೆ ಬಂದು ಊಟ ಕೇಳಿ, ಬಂಧನಕ್ಕೊಳಗಾದರು. ಒಂದು ವಾರ ಕಳೆದು, ಜೂನ್ 18ರಂದು, ಅಲ್ಲಿ ರೂಮು ಹಿಡಿದಿದ್ದ ಬಿಳಿಯ ಗೆಳೆಯರ ಅತಿಥಿಗಳಾಗಿ ಕಪ್ಪು ಯುವಕ ಯುವತಿಯರು ಕೊಳಕ್ಕೆ ಹಾರಿದರು. ಮ್ಯಾನೇಜರ್ ಜೇಮ್ಸ್ ಬ್ರಾಕ್ ಕೂಗಾಡುತ್ತ ಬಂದು ಮ್ಯೂರಿಯಾಟಿಕ್ ಆಸಿಡ್ ಜಗ್ಗನ್ನು ನೀರಿಗೆ ಸುರಿದ. ಕೊಳ ಶುಚಿಮಾಡಲು ಇಟ್ಟುಕೊಳ್ಳುವ ಆಸಿಡ್ಡು ಅದು. ಅವರು ಹೊರಗೆ ಬರಲಿಲ್ಲ, ಕೊನೆಗೆ ಪೊಲೀಸನೊಬ್ಬ ನೀರಿಗೆ ಹಾರಿ ಹಿಡಿದ. ಅದೇ ದಿನ ಹದಿನಾರು ಯಹೂದಿ ಧರ್ಮಗುರುಗಳನ್ನೂ ಅಲ್ಲಿ ಬಂಧಿಸಿದರು. ಆಸಿಡ್ ಸುರಿಯುವ ಚಿತ್ರ ಲೋಕವೆಲ್ಲ ಸುತ್ತಿತು. ಮರುದಿನ ಸೆನೆಟ್ ನಾಗರಿಕ ಹಕ್ಕುಗಳ ಮಸೂದೆಯನ್ನು ಒಪ್ಪಿತು, ಜುಲೈ 2ರಂದು ಅದು ಕಾನೂನಾಯಿತು. ಹೋಟೆಲಿನವರು ಬಣ್ಣ ನೋಡಿ ಬಾಗಿಲು ಹಾಕುವ ಹಾಗಿಲ್ಲವೆಂದಾಯಿತು.

ಅಷ್ಟಕ್ಕೇ ಎಲ್ಲ ಮುಗಿಯಲಿಲ್ಲ. ಮಿಸಿಸಿಪಿಯ ಜಾಕ್ಸನ್ ನಗರ ಎಲ್ಲರಿಗೂ ತೆರೆಯುವ ಬದಲು ತನ್ನ ಕೊಳಗಳನ್ನು ಮುಚ್ಚುವ ದಾರಿ ಹಿಡಿಯಿತು, 1971ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆಯಿಲ್ಲ ಅಂದಿತು. 2015ರಲ್ಲಿ ಟೆಕ್ಸಸ್‌ನ ಮೆಕಿನಿಯಲ್ಲಿ, ಬಡಾವಣೆಯೊಂದರ ಕೊಳದ ಬಳಿಗೆ ಬಂದ ಪೊಲೀಸ್ ಅಧಿಕಾರಿ ಈಜುಡುಗೆಯಲ್ಲಿದ್ದ ಹದಿನೈದರ ಕಪ್ಪು ಹುಡುಗಿಯನ್ನು ನೆಲಕ್ಕೆ ಕೆಡವಿ ಬೆನ್ನ ಮೇಲೆ ಮೊಣಕಾಲೂರಿದ. ಆ ವಿಡಿಯೋ ನೋಡಿದವರು ಮರೆಯಲಾರರು.

ಮಾನ್ಸನ್ ಈಗಿಲ್ಲ. 2003ರಲ್ಲಿ ಅದನ್ನು ಕೆಡವಿದರು, ಆ ಜಾಗದಲ್ಲಿ ಬೇರೆ ದೊಡ್ಡ ಹೋಟೆಲು ಬಂದಿದೆ. ಕಿಂಗ್ ನಿಂತಿದ್ದ ಮೆಟ್ಟಿಲುಗಳನ್ನು ಮಾತ್ರ ಉಳಿಸಿಕೊಂಡು ಫಲಕ ಹಾಕಿದ್ದಾರೆ. ನಾಲ್ಕೈದು ಹೆಜ್ಜೆಯ ಮೆಟ್ಟಿಲು, ನಮ್ಮ ಮನೆ ಜಗುಲಿಗೆ ಹತ್ತುವಷ್ಟೇ. ಪುಟ್ಟಿ ಅದರ ಮೇಲೆ ಕುಳಿತು ಕಾಲಾಡಿಸುತ್ತ, ಒಳಗೆ ಕೊಳ ಇದೆಯಾ, ಕಾಲು ಇಳಿಬಿಟ್ಟು ಬರೋಣ ಅಂದಳು. ಅವಳ ಕೈಯಲ್ಲಿ ಕಾಗದದ ಬಳೆ ಇನ್ನೂ ಇತ್ತು, ಬಣ್ಣ ಮಾಸಿ, ಅಂಚು ಸುರುಳಿಯಾಗಿ. ಕತ್ತರಿಸಲು ಬಿಟ್ಟಿರಲಿಲ್ಲ.

“ಇಲ್ಲ ಪುಟ್ಟಿ, ಇಲ್ಲಿ ನಮಗೆ ರೂಮಿಲ್ಲ.”

ಅವಳು ಸ್ವಲ್ಪ ಯೋಚಿಸಿದಳು. ಫಲಕದ ಕಡೆ ನೋಡಿದಳು.

“ಆವತ್ತು ನೀರಿಗೆ ಹಾರಿದ್ರಲ್ಲ ಅಜ್ಜಿ, ಅವರಿಗೆ ರೂಮಿತ್ತಾ?”

“ಜೊತೆಗಿದ್ದವರು ದುಡ್ಡು ಕೊಟ್ಟು ರೂಮು ಹಿಡಿದಿದ್ದರು ಕಂದ. ಇವರು ಅವರ ಅತಿಥಿಗಳು.”

“ಮತ್ತೆ?” ಅಂದಳು.