ಬಿಡಿಸುವವರು ಸಾವಿರ, ಹೆಣೆದವರು ಯಾರು?

ಬೆಳಗಿನ ಬಸ್ಸು ಸ್ಟ್ಯಾಂಡು ಬಿಡುವ ಮೊದಲೇ ಪೇಪರಿನ ಒಳಪುಟ ಮಡಚಿ ತೊಡೆಯೇರುತ್ತದೆ, ಜೇಬಿನಿಂದ ಪೆನ್ನು ಹೊರಬರುತ್ತದೆ. ಅಂಗಡಿಗಳಲ್ಲೂ ಅದೇ ಕಥೆ. ಗಿರಾಕಿ ಇಲ್ಲದ ಮಧ್ಯಾಹ್ನ ಗಲ್ಲಾಪೆಟ್ಟಿಗೆಯ ಮೇಲೆ ಸುಡೊಕು! ಒಂಬತ್ತೊಂಬತ್ಲ ಎಂಬತ್ತೊಂದು ಮನೆ. ಅಡ್ಡಸಾಲು, ಉದ್ದಸಾಲು, ಚಿಕ್ಕ ಚೌಕ ಎಲ್ಲದರಲ್ಲೂ 1ರಿಂದ 9 ಒಂದೊಂದೇ ಸಲ. ಸರಿ ಸ್ವಾಮಿ, ಇದನ್ನು ಹೆಣೆದವರು ಯಾರು?

"ಕಂಪ್ಯೂಟರ್ರಂತೆ ಕಣ್ರೀ" ಎನ್ನುವವರೇ ಹೆಚ್ಚು. ಇವತ್ತಿನ ಮಟ್ಟಿಗೆ ಬಹುಪಾಲು ನಿಜ. ಆದರೆ ಮೊದಲು ಹೆಣೆದದ್ದು ಮನುಷ್ಯನ ತಲೆ. ಅಮೆರಿಕದ ಇಂಡಿಯಾನಾದ ಹೋವರ್ಡ್ ಗಾರ್ನ್ಸ್, ನಿವೃತ್ತ ಆರ್ಕಿಟೆಕ್ಟ್. 1979ರಲ್ಲಿ ಡೆಲ್ ಕಂಪನಿಯ ಒಗಟಿನ ಪತ್ರಿಕೆಯಲ್ಲಿ 'ನಂಬರ್ ಪ್ಲೇಸ್' ಎಂದು ಅಚ್ಚಾದಾಗ ಅವರಿಗೆ ಎಪ್ಪತ್ತು ದಾಟಿತ್ತು. ಒಗಟಿನ ಜೊತೆ ಅವರ ಹೆಸರನ್ನೇ ಹಾಕಿರಲಿಲ್ಲ! ಒಗಟು ಬಂದ ಸಂಚಿಕೆಗಳ ಲೇಖಕರ ಪಟ್ಟಿಯಲ್ಲಿ ಗಾರ್ನ್ಸ್ ಇದ್ದಾರೆ, ಬಾರದ ಸಂಚಿಕೆಗಳಲ್ಲಿ ಇಲ್ಲ. ಹೀಗೆ ತಾಳೆ ನೋಡಿ ಎಷ್ಟೋ ವರ್ಷಗಳ ಮೇಲೆ ಪತ್ತೆ ಹಚ್ಚಿದ್ದು. ಅಷ್ಟರಲ್ಲಿ ಅವರು ತೀರಿಹೋಗಿದ್ದರು, 1989ರಲ್ಲೇ.

1984ರಲ್ಲಿ ಜಪಾನಿನ ನಿಕೋಲಿಯವರು ಇದನ್ನು ಎತ್ತಿಕೊಂಡರು. ಅಂಕಿಗಳು ಬ್ರಹ್ಮಚಾರಿಗಳಂತೆ ಒಂಟಿಯಾಗಿರಬೇಕು ಎಂಬರ್ಥದ ಉದ್ದನೆಯ ಹೆಸರಿಟ್ಟವರು ಮಾಕಿ ಕಾಜಿ. ಅದನ್ನೇ ಮೊಟಕು ಮಾಡಿದರೆ ಸುಡೊಕು.

ಬಿಡಿಸುವವನಿಗೆ ತಪ್ಪಿದರೆ ರಬ್ಬರಿದೆ. ಹೆಣೆಯುವವನ ಪಾಡು ಬೇರೆ. ಉತ್ತರ ಒಂದೇ ಇರಬೇಕು. ಎರಡು ಬಂದರೆ ಅದು ತೂಕದಲ್ಲಿ ಮೋಸ ಮಾಡಿದ ಹಾಗೆ. ಎಲ್ಲಿ ತಪ್ಪುತ್ತದೆ ಅಂತೀರಾ? ಎರಡು ಅಡ್ಡಸಾಲು, ಎರಡು ಉದ್ದಸಾಲು ಕೂಡುವ ನಾಲ್ಕು ಮನೆಗಳು ಎರಡೇ ಚೌಕಗಳೊಳಗೆ ಬಿದ್ದಿವೆ ಎನ್ನಿ. ಅಲ್ಲಿ ಒಂದು ಸಾಲಿನಲ್ಲಿ 3, 8. ಇನ್ನೊಂದರಲ್ಲಿ 8, 3. ಅದಲುಬದಲು ಮಾಡಿ, ಸಾಲೂ ಕೆಡುವುದಿಲ್ಲ, ಚೌಕವೂ ಕೆಡುವುದಿಲ್ಲ. ಆಯಿತಲ್ಲ ಎರಡು ಉತ್ತರ! ನಾಲ್ಕರಲ್ಲಿ ಒಂದನ್ನಾದರೂ ಮೊದಲೇ ಬರೆದು ಕೊಡದೆ ವಿಧಿಯಿಲ್ಲ. ಹಾಗೆಯೇ ಕೊಟ್ಟ ಅಂಕಿಗಳಲ್ಲಿ ಒಂಬತ್ತರ ಪೈಕಿ ಎಂಟು ಬಗೆಯಾದರೂ ಕಾಣಬೇಕು. ಎರಡು ಬಗೆ ಪೂರ್ತಿ ಮರೆಯಾದರೆ ಅವನ್ನೂ ಅದಲುಬದಲು ಮಾಡಬಹುದು.

ಕೊಡುವುದು ಎಷ್ಟು ಕಮ್ಮಿ ಇರಬಹುದು? ಹದಿನೇಳು. ಹದಿನಾರಕ್ಕೆ ಒಂದೇ ಉತ್ತರದ ಒಗಟು ಸಾಧ್ಯವಿಲ್ಲ ಎಂದು 2012ರಲ್ಲಿ ಡಬ್ಲಿನ್ನಿನ ಗಣಿತಜ್ಞರು ಕಂಪ್ಯೂಟರಿಗೆ ದುಡಿಮೆ ಹಚ್ಚಿ ತೋರಿಸಿದರು.

ನಿಕೋಲಿಯವರ ಕಟ್ಟುಪಾಡು ಇನ್ನೂ ಬಿಗಿ. ಕೊಡುವ ಅಂಕಿ 32 ಮೀರಬಾರದು. ಕಾಗದ ತಲೆಕೆಳಗೆ ಹಿಡಿದರೂ ತುಂಬಿದ ಮನೆಗಳ ನಕ್ಷೆ ಅದೇ ಕಾಣಬೇಕು. ಕೈಯಲ್ಲೇ ಹೆಣೆಯುವ ಕುಶಲಿ ಮೊದಲು ಆ ನಕ್ಷೆ ಹಾಕಿಕೊಳ್ಳುತ್ತಾನೆ. ಆಮೇಲೆ ಬಿಡಿಸುವವನ ಕಣ್ಣು ಮೊದಲು ಎಲ್ಲಿಗೆ ಹೋದೀತು, ಎಲ್ಲಿ ತಡವರಿಸೀತು ಎಂದು ನೋಡುತ್ತ ಒಂದೊಂದೇ ಅಂಕಿ ಇಡುತ್ತಾನೆ. ಊಹೆ ಮಾಡಿಸುವುದು ಅವನ ದೃಷ್ಟಿಯಲ್ಲಿ ಸೋಲು.

ಯಂತ್ರ ತಂದವರು ಹಾಂಗ್‌ಕಾಂಗಿನಲ್ಲಿ ಜಡ್ಜಾಗಿದ್ದ ವೇನ್ ಗೌಲ್ಡ್. ಆರು ವರ್ಷ ಕೂತು ಪ್ರೋಗ್ರಾಂ ಬರೆದು 2004ರ ನವೆಂಬರಿನಲ್ಲಿ ಲಂಡನ್ನಿನ 'ಟೈಮ್ಸ್'ಗೆ ಒಗಟು ಕೊಟ್ಟರು. ಲೋಕಕ್ಕೆಲ್ಲ ಹಬ್ಬಿದ್ದು ಅಲ್ಲಿಂದಲೇ. ಯಂತ್ರದ ಸರಕು ಕೆಟ್ಟದ್ದೇನಲ್ಲ, ಉತ್ತರ ಒಂದೇ. ಆದರೆ ಹೋಟೆಲ್ ಸಾರಿಗೂ ಮನೆ ಸಾರಿಗೂ ಇರುವಷ್ಟು ವ್ಯತ್ಯಾಸವಂತೂ ಇದ್ದೇ ಇದೆ.

2017ರಲ್ಲಿ ಸುಡೊಕುವಿನ ವಿಶ್ವ ಸ್ಪರ್ಧೆ ನಮ್ಮ ಬೆಂಗಳೂರಿಗೇ ಬಂದಿತ್ತು. ಗೆದ್ದವರಿಗೆ ಚಪ್ಪಾಳೆ, ಸರಿ. ಬೆಳಗಿನ ಪೇಪರಿನಲ್ಲಿ ಮಾತ್ರ ಹೆಣೆದವರ ಹೆಸರು ಹುಡುಕಿದರೂ ಸಿಕ್ಕುವುದು ಅಪರೂಪ.

ಹೆಣೆಯುವ ಆಸೆಯಾದರೆ ಚಿಕ್ಕದರಿಂದ ಶುರು ಮಾಡಿ. ಹಳೆಯ ಬಿಲ್ಲಿನ ಹಿಂದೆ ನಾಲ್ಕ್ನಾಲ್ಕ್ಲ ಹದಿನಾರು ಮನೆ, 1ರಿಂದ 4 ಅಂಕಿ. ನಾಲ್ಕೇ ಅಂಕಿ ಕೊಟ್ಟು ಒಂದೇ ಉತ್ತರ ಬರಿಸಬಹುದು, ಮೂರಕ್ಕೆ ಆಗದು. ಬಸ್ಸು ಇಳಿಯುವುದರೊಳಗೆ ಪಕ್ಕದವರ ಕೈಗೆ ಕೊಟ್ಟು ನೋಡಿ.