ಕರೆಂಟು ಹೋದರೂ ಇಂಟರ್‌ನೆಟ್ ಉಳಿಯಬೇಕೆ?

ಬೋರನಕಣಿವೆ ಸುತ್ತಿನ ತೋಟದ ಮನೆಗಳಲ್ಲಿ ಕೊಬ್ಬರಿ ಧಾರಣೆ ತಿಳಿಯಲು ಈಗ ಯಾರೂ ತಿಪಟೂರಿಗೆ ಹೋಗಿ ಬಂದವರ ದಾರಿ ಕಾಯುವುದಿಲ್ಲ, ಮೊಬೈಲ್ ತೆಗೆದರಾಯ್ತು. ಮಕ್ಕಳ ಫಲಿತಾಂಶ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಅದರಲ್ಲೇ. ಆದರೆ ಗಾಳಿಮಳೆಗೆ ಒಂದು ತೆಂಗಿನ ಗರಿ ತಂತಿಯ ಮೇಲೆ ಬಿತ್ತೆನ್ನಿ, ಕರೆಂಟಿನ ಹಿಂದೆಯೇ ಇಂಟರ್‌ನೆಟ್ಟೂ ಹೋಯ್ತು! ಅರ್ಜಿಗೆ ಅಂದೇ ಕಡೆಯ ದಿನವಾಗಿದ್ದರೆ ಮಗಳ ಒಂದು ವರ್ಷದ ಫೀಜಿಗೆ ಏನು ಮಾಡುವುದು, ನೀವೇ ಹೇಳಿ.

ಹಾಗಾದರೆ ಚಾವಣಿಗೆ ಸೌರಫಲಕ ಹಾಕಿಸೋಣವೆನ್ನುತ್ತಾರೆ ಯಜಮಾನರು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000 ರೂಪಾಯಿ ಸಹಾಯಧನ ಗೊತ್ತುಮಾಡಿದರು. ಬಿಲ್ಲು ಇಳಿಸಲು ಒಳ್ಳೆಯದೇ. ಆದರೆ ಬ್ಯಾಟರಿಯಿಲ್ಲದ ಇಂಥ ವ್ಯವಸ್ಥೆ ಹೊರಗಿನ ಕರೆಂಟು ಹೋದೊಡನೆ, ಸುಡುಬಿಸಿಲಿದ್ದರೂ, ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್ನಿಗೆ ಶಾಕ್ ಹೊಡೆಯಬಾರದಲ್ಲ, ಅದಕ್ಕೇ. ಇದನ್ನು ಮಾರುವವರು ಎಷ್ಟೋ ಸಲ ಬಾಯಿಬಿಡುವುದಿಲ್ಲ, ನಾವೇ ಕೇಳಬೇಕು.

ನಮ್ಮ ಜಿಲ್ಲೆಯದೇ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯ ಕಥೆ ಕೇಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಅಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಮೊದಲು ಅಡಿಗೆಗೆ ಗ್ಯಾಸ್ ಕೊಡಲು ಹೋದರೆ ಎರಡು ಹೊತ್ತಿಗೆ ಸಾಲದು. ಊರವರಿಗೆ ಮೊದಲು ಬೇಕಿದ್ದುದು ಕುಡಿಯುವ ನೀರು. 1987ರ ಸೆಪ್ಟೆಂಬರಿನಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕರೆಂಟು ಮಾಡಿದರು. ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ದೀಪ ಹತ್ತಿತು. ಸಗಣಿ ತಂದವರಿಗೆ ಕಾಸು, ಉಳಿದ ಬಗ್ಗಡ ಮತ್ತೆ ಗೊಬ್ಬರಕ್ಕೆ. ಇರುವ ಕರೆಂಟು ಅಷ್ಟಿಷ್ಟೇ ಆದಾಗ ಯಾವುದಕ್ಕೆ ಮೊದಲು ಎಂದು ಕೇಳಿದ್ದೇ ಅವರ ಜಾಣತನ.

ನಮ್ಮ ಮನೆಗಳಲ್ಲಿ ಇನ್‌ವರ್ಟರ್ ಬಂದರೆ ಟಿವಿಗೇ ಮೊದಲ ಮಣೆ! ನನ್ನ ಮಾತು ಕೇಳಿದರೆ ಇಂಟರ್‌ನೆಟ್ ಪೆಟ್ಟಿಗೆಗೆ ಬೇರೆಯೇ ಪುಟ್ಟ ಬ್ಯಾಟರಿ ಇಡಿ. ಫೈಬರ್ ಎಳೆಯೊಳಗೆ ಹರಿಯುವುದು ಬೆಳಕು. ಕರೆಂಟು ಬೇಕಾದದ್ದು ಮುಖ್ಯವಾಗಿ ಅದು ಹೊರಡುವ ಕಡೆ ಮತ್ತು ನಮ್ಮ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ನುಂಗುವುದು ಸುಮಾರು 10 ವ್ಯಾಟ್, ಒಂದು ಎಲ್‌ಇಡಿ ಬಲ್ಬಿನಷ್ಟು. 12 ವೋಲ್ಟಿನ, 7 ಆಂಪಿಯರ್ ಅವರ್ ಬ್ಯಾಟರಿ ನಾಲ್ಕೈದು ಗಂಟೆ ತಡೆಯುತ್ತದೆ. ಇದಕ್ಕೆಂದೇ ಚಿಕ್ಕ ಯುಪಿಎಸ್ಸೂ ಸಿಗುತ್ತದೆ. ಕೊಳ್ಳುವ ಮುಂಚೆ ಪೆಟ್ಟಿಗೆಯ ಅಡಾಪ್ಟರ್ ಮೇಲಿನ ವೋಲ್ಟ್ ಓದಿಕೊಳ್ಳಿ, 9 ಇದ್ದದ್ದಕ್ಕೆ 12 ಕೊಟ್ಟರೆ ಸುಟ್ಟೀತು. ಕೆಲವು ಮನೆಗಳಲ್ಲಿ ಎರಡು ಪೆಟ್ಟಿಗೆ ಇರುತ್ತವೆ, ಎರಡಕ್ಕೂ ಕರೆಂಟು ಸಿಗಬೇಕು. ಮೊಬೈಲ್ ಟವರನ್ನೇ ನಂಬಿದವರಿಗೆ ಇದು ನಡೆಯದು; ಅಲ್ಲಿಯ ಬ್ಯಾಟರಿ ಇಳಿದರೆ ನಮ್ಮ ಕೈಲೇನೂ ಇಲ್ಲ.