ಹೋದೆಯಾ ಪಿಶಾಚಿ ಅಂದರೆ

ಆಫೀಸಿನ ಕಂಪ್ಯೂಟರಿಗೆ ವೈರಸ್ ಹತ್ತಿತೆಂದರೆ ಕೊನೆಯ ಮದ್ದು ಎಲ್ಲರಿಗೂ ಗೊತ್ತು: ಫಾರ್ಮ್ಯಾಟ್ ಹೊಡೆದು ವಿಂಡೋಸನ್ನು ಹೊಸದಾಗಿ ಹಾಕುವುದು. ಅಷ್ಟಾದ ಮೇಲೂ ಅದೇ ಕಾಟ ಮರುಕಳಿಸಿದರೆ ಬೈಸಿಕೊಳ್ಳುವವನು ಸಿಸ್ಟಮ್ ಅಡ್ಮಿನ್. 2010ರಲ್ಲಿ ಸ್ಟಕ್ಸ್‌ನೆಟ್ ಎಂಬ ವೈರಸ್ ಸಿಕ್ಕಿಬಿದ್ದದ್ದು ಇಂಥದೇ ಒಂದು ದೂರಿನಿಂದ. ಯುರೇನಿಯಂ, ಗೂಢಚಾರರು, ಸೈಬರ್ ಯುದ್ಧ ಎಂದೆಲ್ಲ ಅದರ ಸುತ್ತ ಆಮೇಲೆ ದೊಡ್ಡ ಕತೆ ಬೆಳೆಯಿತು. ನನಗೆ ಮಾತ್ರ ಮೊದಲ ಅಧ್ಯಾಯವೇ ಹೆಚ್ಚು ರುಚಿ. ಅಲ್ಲಿರುವುದು ಬರೀ ರಿಪೇರಿ ಕೆಲಸ.

ಬೆಲಾರೂಸ್‌ನ ಮಿನ್ಸ್ಕ್‌ನಲ್ಲಿ ವೈರಸ್‌ಬ್ಲೋಕ್‌ಅದಾ ಎಂಬ ಸಣ್ಣ ಆಂಟಿವೈರಸ್ ಕಂಪನಿ. ಅದರ ಗಿರಾಕಿಗಳು ಇರಾನಿನಲ್ಲೂ ಇದ್ದರು. ಅಲ್ಲಿಂದ ಆ ವರ್ಷದ ಜೂನ್‌ನಲ್ಲಿ ದೂರು ಬಂತು: ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ತಮ್ಮಷ್ಟಕ್ಕೆ ರೀಸ್ಟಾರ್ಟ್ ಆಗುತ್ತಿವೆ. ದೂರು ಕೇಳಿಸಿಕೊಂಡ ಕಂಪನಿಯ ಸೆರ್ಗೆಯ್ ಉಲಾಸೆನ್ ಆಗ ಮಿನ್ಸ್ಕ್‌ನಿಂದ ಆಚೆ ಸ್ನೇಹಿತನ ಮದುವೆಯಲ್ಲಿದ್ದರು. ಉಳಿದವರೆಲ್ಲ ಕುಡಿದು ಕುಣಿಯುತ್ತಿದ್ದರೆ ತಾನು ಫೋನು ಹಿಡಿದುಕೊಂಡು ಇರಾನಿನವನ ಜೊತೆ ಮಾತಾಡುತ್ತಿದ್ದೆ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಮೊದಲು ಅವರಿಗೂ ಇದು ವೈರಸ್ ಅನ್ನಿಸಲಿಲ್ಲ. ವಿಂಡೋಸ್ ಸೆಟ್ಟಿಂಗ್‌ನಲ್ಲಿ ಏನೋ ಎಡವಟ್ಟು, ಇಲ್ಲವೇ ಎರಡು ಸಾಫ್ಟ್‌ವೇರ್‌ಗಳ ನಡುವಿನ ಜಗಳ ಅಂದುಕೊಂಡರು. ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಇನ್ನೊಂದು ಸಂಗತಿ ತಿಳಿಯಿತು: ಅದೇ ನೆಟ್‌ವರ್ಕಿನ ಬೇರೆ ಕಂಪ್ಯೂಟರುಗಳಲ್ಲೂ ಇದೇ ಪಾಡು, ಆಗಷ್ಟೇ ವಿಂಡೋಸ್ ಹಾಕಿದ ಯಂತ್ರಗಳೂ ಬಚಾವಾಗಿಲ್ಲ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ. ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಹಳೆಯ ಸೆಟ್ಟಿಂಗಿನ ದೋಷ ಉಳಿದಿರಲು ಸಾಧ್ಯವೇ ಇಲ್ಲವಲ್ಲ. ಅಂದರೆ ಹೊರಗಿನಿಂದ ಏನೋ ಬರುತ್ತಿದೆ.

ಮಿನ್ಸ್ಕ್‌ನಿಂದಲೇ ರಿಮೋಟ್ ಸಂಪರ್ಕದಲ್ಲಿ ತಡಕಾಡಿದಾಗ ಸಿಕ್ಕಿದ್ದು ಎರಡು ಡ್ರೈವರ್ ಫೈಲುಗಳು. ಅವುಗಳ ಮೇಲೆ ತೈವಾನಿನ ರಿಯಲ್‌ಟೆಕ್ ಕಂಪನಿಯ ಅಸಲಿ ಡಿಜಿಟಲ್ ಸಹಿ ಇತ್ತು! ರಿಯಲ್‌ಟೆಕ್ ಅಂದರೆ ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರಲ್ಲೂ ಇರುವ ಸೌಂಡ್ ಚಿಪ್ಪಿನ ಹೆಸರು. ಸಹಿ ನೋಡಿ ವಿಂಡೋಸ್ ಸಲಾಂ ಹೊಡೆದು ಒಳಗೆ ಬಿಟ್ಟುಕೊಂಡಿತ್ತು.

ಅದು ಒಳಗೆ ಬರುತ್ತಿದ್ದದ್ದು ಪೆನ್‌ಡ್ರೈವ್‌ನಿಂದ. ಅದರಲ್ಲಿ ಇದ್ದದ್ದು ಆರೇ ಫೈಲು. ಹೆಸರು ಅಂಕೆಗಳಿಂದ ಕೂಡಿದ ಎರಡು ಟೆಂಪ್ ಫೈಲುಗಳು, ಜೊತೆಗೆ ನಾಲ್ಕು ಶಾರ್ಟ್‌ಕಟ್‌ಗಳು. ಆ ನಾಲ್ಕರ ಹೆಸರು ‘ಕಾಪಿ ಆಫ್ ಶಾರ್ಟ್‌ಕಟ್ ಟು’, ‘ಕಾಪಿ ಆಫ್ ಕಾಪಿ ಆಫ್ ಶಾರ್ಟ್‌ಕಟ್ ಟು’ ಎಂದು ಬೆಳೆಯುತ್ತ ಹೋಗುತ್ತದೆ. ಯಾರೋ ಗುಮಾಸ್ತ ಕೈತಪ್ಪಿ ನಕಲು ಮಾಡಿಟ್ಟ ಹಾಗೆ. ವಿಂಡೋಸ್‌ನ ಬೇರೆ ಬೇರೆ ಆವೃತ್ತಿಗಳಿಗೆ ಹೊಂದಲೆಂದು ನಾಲ್ಕು ಬೇಕಾಗಿತ್ತು. ಇವುಗಳ ಮೇಲೆ ಕ್ಲಿಕ್ ಮಾಡುವ ಅಗತ್ಯವೇ ಇಲ್ಲ. ಪೆನ್‌ಡ್ರೈವ್ ತೆರೆದು, ಐಕಾನ್ ಕಣ್ಣಿಗೆ ಬಿದ್ದರೆ ಸಾಕು, ವಿಂಡೋಸ್ ಆ ಐಕಾನ್ ಬಿಡಿಸುವ ಭರದಲ್ಲಿ ಪಕ್ಕದ ಟೆಂಪ್ ಫೈಲನ್ನು ಓಡಿಸಿಬಿಡುತ್ತಿತ್ತು. ಆಟೋರನ್ ಬಂದ್ ಮಾಡಿ ನೆಮ್ಮದಿಯಾಗಿದ್ದವರಿಗೂ ರಕ್ಷೆ ಇರಲಿಲ್ಲ. ಎಲ್ಲ ಅಪ್‌ಡೇಟ್ ಹಾಕಿದ್ದ ವಿಂಡೋಸ್ 7 ಮೇಲೆ ಪರೀಕ್ಷಿಸಿದರೂ ಅದೇ ಫಲ. ಒಮ್ಮೆ ಒಳಹೊಕ್ಕರೆ ಆ ಆರು ಫೈಲುಗಳನ್ನು ಅದು ಅಡಗಿಸಿಬಿಡುತ್ತದೆ; ಪೆನ್‌ಡ್ರೈವ್‌ನಲ್ಲಿ ಅವು ಕಾಣುವುದೇ ಇಲ್ಲ.

ಜೂನ್ 17ಕ್ಕೆ ಕಂಪನಿ ಇದನ್ನು ತನ್ನ ವೈರಸ್ ಪಟ್ಟಿಗೆ ಸೇರಿಸಿತು. ಜುಲೈ ಮಧ್ಯದಲ್ಲಿ ಸುದ್ದಿ ಬಯಲಾಯಿತು, ರಿಯಲ್‌ಟೆಕ್ ಸಹಿ ರದ್ದಾಯಿತು, ಅದರ ಬೆನ್ನಿಗೇ ಜೆಮೈಕ್ರಾನ್ ಎಂಬ ಇನ್ನೊಂದು ತೈವಾನ್ ಕಂಪನಿಯ ಸಹಿ ಹೊತ್ತ ಡ್ರೈವರ್ ಸಿಕ್ಕಿತು. ಆಗಸ್ಟ್ 2ರಂದು ಮೈಕ್ರೋಸಾಫ್ಟ್ ಶಾರ್ಟ್‌ಕಟ್ ತೂತಿಗೆ ತೇಪೆ ಹಾಕಿತು.

ಆದರೆ ಒರೆಸಿದ ಯಂತ್ರಕ್ಕೆ ಮತ್ತೆ ಮತ್ತೆ ಹತ್ತುವುದು ಹೇಗೆ ಎಂಬುದಕ್ಕೆ ಪೆನ್‌ಡ್ರೈವ್ ಒಂದೇ ಉತ್ತರವಲ್ಲ. ಆಂಟಿವೈರಸ್ ಕಂಪನಿ ಸಿಮ್ಯಾಂಟೆಕ್‌ನ ಸಂಶೋಧಕರು ಆ ವೈರಸ್ಸನ್ನು ತಿಂಗಳುಗಟ್ಟಲೆ ಬಿಚ್ಚಿ ನೋಡಿದಾಗ ಒಂದೊಂದೇ ದಾರಿ ಹೊರಬಿತ್ತು. ಎಲ್ಲರೂ ಬಳಸುವ ಪ್ರಿಂಟರ್ ಒಂದು ದಾರಿ: ಪ್ರಿಂಟ್ ಮಾಡಿಸುವ ನೆಪದಲ್ಲಿ ಪಕ್ಕದ ಕಂಪ್ಯೂಟರಿಗೆ ತನ್ನ ಫೈಲನ್ನು ಇಳಿಸುತ್ತಿತ್ತು. ಶೇರ್ ಮಾಡಿದ ಫೋಲ್ಡರ್ ಇನ್ನೊಂದು. ಕಾರ್ಖಾನೆಯ ಯಂತ್ರಗಳನ್ನು ನೋಡಿಕೊಳ್ಳುವ ಸೀಮೆನ್ಸ್ ಕಂಪನಿಯ ವಿನ್‌ಸಿಸಿ ತಂತ್ರಾಂಶದ ಡೇಟಾಬೇಸಿಗೆ ಕಂಪನಿಯೇ ಕಟ್ಟಿಕೊಟ್ಟ ಪಾಸ್‌ವರ್ಡ್ ಮತ್ತೊಂದು. ಪಾಸ್‌ವರ್ಡ್ ಬದಲಿಸಬೇಡಿ, ಬದಲಿಸಿದರೆ ಕಾರ್ಖಾನೆಯ ಕೆಲಸಕ್ಕೇ ತೊಂದರೆಯಾದೀತು ಎಂದು ಸೀಮೆನ್ಸ್ ತನ್ನ ಗಿರಾಕಿಗಳಿಗೆ ಹೇಳಬೇಕಾಗಿ ಬಂತು. ಕೀಲಿ ಕಳ್ಳನ ಕೈಲಿದೆ, ಬೀಗ ಮಾತ್ರ ಮುಟ್ಟುವಂತಿಲ್ಲ!

ಎಲ್ಲಕ್ಕಿಂತ ಜಾಣತನದ್ದು ಪ್ರಾಜೆಕ್ಟ್ ಫೋಲ್ಡರಿನದು. ಸೀಮೆನ್ಸ್‌ನ ಸ್ಟೆಪ್ 7 ತಂತ್ರಾಂಶದಲ್ಲಿ ಎಂಜಿನಿಯರುಗಳು ಬರೆದಿಟ್ಟ ಪ್ರೋಗ್ರಾಮುಗಳ ಫೋಲ್ಡರಿನಲ್ಲೇ ಅದು ಕೂತಿರುತ್ತಿತ್ತು. ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವಾಗ ನಾವು ತಪ್ಪದೇ ಬ್ಯಾಕಪ್ ತೆಗೆದಿಡುವುದು ಇಂಥ ಕೆಲಸದ ಫೈಲನ್ನೇ ತಾನೇ? ವಿಂಡೋಸ್ ಹೊಸದು, ಹಾರ್ಡ್ ಡಿಸ್ಕ್ ಸ್ವಚ್ಛ; ಎಂಜಿನಿಯರ್ ಬ್ಯಾಕಪ್‌ನಿಂದ ತನ್ನ ಪ್ರಾಜೆಕ್ಟ್ ತೆರೆದ, ವೈರಸ್ ವಾಪಸ್. ಸಾಲದೆಂಬಂತೆ ಒಂದೇ ನೆಟ್‌ವರ್ಕಿನಲ್ಲಿ ಸೋಂಕು ತಗುಲಿದ ಕಂಪ್ಯೂಟರುಗಳು ನಿನ್ನದು ಯಾವ ಆವೃತ್ತಿ ಎಂದು ಪರಸ್ಪರ ವಿಚಾರಿಸಿಕೊಂಡು, ಹಳೆಯದಿದ್ದವು ಹೊಸದನ್ನು ಇಳಿಸಿಕೊಳ್ಳುತ್ತಿದ್ದವು. ಇಂಟರ್ನೆಟ್ ಬೇಕಾಗಿಯೇ ಇರಲಿಲ್ಲ. ಒಂದೊಂದೇ ಯಂತ್ರ ಒರೆಸುತ್ತ ಹೋದ ಇರಾನಿನ ಸಿಬ್ಬಂದಿಯ ಕೈಯಲ್ಲಿ ದೋಷವಿರಲಿಲ್ಲ. ಇಡೀ ಆಫೀಸನ್ನು ಒಟ್ಟಿಗೆ ಬಂದ್ ಮಾಡಿ ಬ್ಯಾಕಪ್‌ಗಳನ್ನೂ ಶೋಧಿಸದ ಹೊರತು ಅದು ಹೋಗುವಂತಿರಲಿಲ್ಲ.

ಅದರ ಗುರಿ ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ಸಂಸ್ಕರಿಸುವ ಸೆಂಟ್ರಿಫ್ಯೂಜ್ ಯಂತ್ರಗಳು ಎಂಬುದು ಆಮೇಲೆ ಬಿಡಿಸಿಕೊಂಡ ಒಗಟು. ಆ ಗುರಿಗೆ ಸಂಬಂಧವಿಲ್ಲದವರಿಗೂ ಸೋಂಕು ಹಬ್ಬಿತ್ತು: 2010ರ ಸೆಪ್ಟೆಂಬರ್ ಕೊನೆಗೆ ಸುಮಾರು 1 ಲಕ್ಷ ಕಂಪ್ಯೂಟರುಗಳು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇರಾನಿನವು. ಇಂಡೋನೇಷ್ಯದ ನಂತರ ಮೂರನೇ ಸ್ಥಾನ ನಮ್ಮ ಭಾರತದ್ದು.

ಆಗಸ್ಟ್ 2010ರ ಆ ತೇಪೆಯೂ ಪೂರ್ತಿ ಮುಚ್ಚಿರಲಿಲ್ಲ. ಅದನ್ನು ದಾಟುವ ದಾರಿಯನ್ನು ಮೈಕೆಲ್ ಹೀರ್‌ಕ್ಲಾಟ್ಸ್ ಎಂಬ ಜರ್ಮನ್ ಹುಡುಕಿ ತೋರಿಸಿದ ಮೇಲೆ, 2015ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಅದೇ ಶಾರ್ಟ್‌ಕಟ್ ತೂತಿಗೆ ಎರಡನೇ ಸಲ ಹೊಲಿಗೆ ಹಾಕಿತು.